ಗ್ರಹಣ ನೋಡಿದ ಎಕ್ಸ್-ರೇ

ಹೊಟ್ಟೆಪಾಡಿಗೆ ನಾನು ನೋಡುವುದು ಎಕ್ಸ್-ರೇಗಳನ್ನು. ಮನುಷ್ಯರದಲ್ಲ, ಕ್ವೇಸಾರ್‌ಗಳದು. ಬಹುದೂರದ ಗ್ಯಾಲಕ್ಸಿಯೊಂದರ ನಡುವೆ ಕೂತ ಕಪ್ಪುಕುಳಿ ಸುತ್ತಲಿನ ಅನಿಲವನ್ನು ನುಂಗುತ್ತ, ಒಂದಿಷ್ಟನ್ನು ಬೆಳಕಿನ ವೇಗದ ಹತ್ತನೇ ಒಂದು ಪಾಲಿನ ರಭಸದಲ್ಲಿ ಹೊರಗೆ ತಳ್ಳುತ್ತದೆ. ಆ ಅನಿಲ ಕಣ್ಣಿಗೆ ಬೀಳುವುದಿಲ್ಲ. ಅದರಲ್ಲಿರುವ ಕಬ್ಬಿಣ ಎಕ್ಸ್-ಕಿರಣವನ್ನು ಹೀರಿಕೊಂಡ ಕಡೆ, ಕಿರಣದ ಬಲಾಬಲ ತೋರಿಸುವ ನಮ್ಮ ರೋಹಿತದಲ್ಲೊಂದು ತಗ್ಗು ಕಾಣುತ್ತದೆ. ತಗ್ಗು ಎಲ್ಲಿದೆ ಎಂಬುದರಿಂದ ಅನಿಲದ ವೇಗ ತಿಳಿಯುತ್ತದೆ. ಇದಕ್ಕಾಗಿ ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತೇನೆ.

ಈ ಹುಚ್ಚು ಹಿಡಿಸಿದ್ದು ಅಪ್ಪನ ಎದೆಯ ಎಕ್ಸ್-ರೇ. ಅಪ್ಪ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದರು. ಗಣಿ ಮುಚ್ಚುವ ಎರಡು ವರ್ಷ ಮೊದಲಿನ, ಅವರ ಕೊನೆಯ ತಪಾಸಣೆಯ ಫಿಲಂ ಮನೆಯಲ್ಲಿತ್ತು. ಅದನ್ನು ಕಣ್ಣಿಗೆ ಹಿಡಿದು ನಾನು ಸೂರ್ಯಗ್ರಹಣ ನೋಡಿದೆ. ಹಾಗೆ ನೋಡಬಾರದಂತೆ, ಆಗ ಯಾರಿಗೆ ಗೊತ್ತು. ದೂಳು ಕೂತ ಎದೆಯಾದರೆ ಬಿಳಿ ಚುಕ್ಕೆ ಇರುತ್ತದೆ. ಇದು ಕಪ್ಪಗೆ, ಚೊಕ್ಕವಾಗಿತ್ತು. ಕಿಟಕಿಗೆ ಅಂಟಿಸಿ, ನಮ್ಮಪ್ಪನ ಎದೆಯಲ್ಲಿ ದೂಳೇ ಇಲ್ಲ ಎಂದು ಬಂದವರಿಗೆಲ್ಲ ಜಂಬ ಕೊಚ್ಚುತ್ತಿದ್ದೆ. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಸಂಕೋಚ ಎಂದುಕೊಂಡಿದ್ದೆ.

ಹೋದ ವರ್ಷ ಅವರಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಹೊಸ ಎಕ್ಸ್-ರೇಯಲ್ಲಿ ಬಿಳಿ ಚುಕ್ಕೆ ನೋಡಿ, ಗಣಿಯ ದೂಳೇ ಇರಬೇಕು ಎಂದರು. ನಾನು ಒಪ್ಪಲಿಲ್ಲ. ಗಣಿ ಬಿಡುವಾಗ ಎದೆ ಚೊಕ್ಕವಾಗಿತ್ತು, ಎಕ್ಸ್-ರೇ ನೋಡುವುದೇ ನನ್ನ ಕೆಲಸ ಎಂದು ವಾದಿಸಿದೆ. ಅಪ್ಪ ಪಕ್ಕದಲ್ಲೇ ನೆಲ ನೋಡುತ್ತ ಕೂತಿದ್ದರು. ದೂಳಲ್ಲದಿದ್ದರೆ ಕ್ಷಯವೇ ಇರಬೇಕೆಂದು, ಕಫದಲ್ಲಿ ಏನೂ ಸಿಗದಿದ್ದರೂ ಅದರ ಮಾತ್ರೆ ಶುರುವಾಯಿತು. ಮೂರನೇ ತಿಂಗಳಿಗೆ ಕಾಮಾಲೆ ಬಂತು. ಆ ಮಾತ್ರೆ ಅವರ ಪಿತ್ತಜನಕಾಂಗವನ್ನು ತಿಂದುಹಾಕಿತ್ತು.

ದೊಡ್ಡಾಸ್ಪತ್ರೆಯವರು ಹಳೆಯ ಫಿಲಂ ತರಿಸಿ ಹೊಸದರ ಪಕ್ಕ ಇಟ್ಟರು. ಹೊಸದರಲ್ಲಿ ಎಡ ಕೊರಳೆಲುಬಿನ ಮೇಲೊಂದು ಗಂಟು. ಅಪ್ಪ ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದಾಗ ಮುರಿದು ಕೂಡಿದ ಮೂಳೆ ಅದು. ಹಳೆಯದರಲ್ಲಿ ಆ ಗಂಟೇ ಇರಲಿಲ್ಲ. ಫೈಲಿನ ಮೇಲಿನ ಹೆಸರನ್ನು ನಂಬಬೇಡಿ, ದೂರದರ್ಶಕ ಆಗ ಯಾವ ದಿಕ್ಕಿಗೆ ತಿರುಗಿತ್ತೆಂದು ಮೊದಲು ನೋಡಿ ಎಂದು ವಿದ್ಯಾರ್ಥಿಗಳನ್ನು ಬೈಯುವವಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಾಸಿಗೆಯ ಪಕ್ಕ ಕೂತು ಕೇಳಿದೆ. ಅಪ್ಪ ಮುಖ ತಿರುಗಿಸಿಕೊಂಡೇ ಹೇಳಿದರು.

"ಆ ಪಟ ನಂದಲ್ಲ ಕಣಮ್ಮ. ನಿನ್ ಚಿಕ್ಕಪ್ಪುಂದು. ದೂಳು ಕಂಡ್ರೆ ಕೆಲ್ಸ ಓಗ್ತದೆ ಅಂತ ನನ್ ಎಸ್ರಲ್ಲಿ ಅವ್ನನ್ನ ನಿಲ್ಸಿದ್ದೆ."

ತಪಾಸಣೆಗೆ ತಮ್ಮನನ್ನೋ ಬಾವಮೈದುನನನ್ನೋ ಕಳಿಸಿದ್ದು ತಾವೊಬ್ಬರೇ ಅಲ್ಲ ಎಂದೂ ಸೇರಿಸಿದರು. ಡಾಕ್ಟರ ಎದುರು ನಾನು ವಾದಿಸುವಾಗಲಾದರೂ ಹೇಳಬಾರದಿತ್ತೇ ಎಂದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಆ ಪಟ ನೋಡ್ಕೊಂಡೇ ನೀನು ಇಷ್ಟು ಓದಿದ್ದು. ಎಂಗೇಳ್ಲಿ?"

ಹದಿನೈದು ದಿನಕ್ಕೆ ಅಪ್ಪ ತೀರಿಕೊಂಡರು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು, ಒಮ್ಮೆಯೂ ಗಣಿಗೆ ಇಳಿಯದ ಚಿಕ್ಕಪ್ಪ ಚಟ್ಟಕ್ಕೆ ಮುಂದಿನಿಂದ ಹೆಗಲು ಕೊಟ್ಟರು. ಸ್ಮಶಾನದ ದಿಬ್ಬ ಹತ್ತುವಾಗ ಅವರಿಗೆ ಏದುಸಿರೂ ಬರಲಿಲ್ಲ. ಬಾಲ್ಯವಿಡೀ ನಾನು ಅಪ್ಪನದೆಂದು ನೋಡಿದ್ದು ಅದೇ ಎದೆಯನ್ನು.