ಥುಕ್ಪಾದ ಮುಂದೆ ಕನ್ಯಾ ಪರೀಕ್ಷೆ

ಹೋದ ರವಿವಾರ ನನ್ನನ್ನು ನೋಡಲು ಬಂದಿದ್ದ ವರನ ಕಾಕಾ ಮೊದಲ ಪ್ರಶ್ನೆ ಕೇಳಲು ಬಾಯಿ ತೆರೆದಾಗ, ಅವರ ಗದ್ದದ ಮೇಲೆ ಗೇಣುದ್ದದ ನೂಡಲ್ಸ್ ಒಂದು ಜೋತಾಡುತ್ತಿತ್ತು.

ಮನೆಯಲ್ಲಲ್ಲ, ಹುಬ್ಬಳ್ಳಿಯ ಒಂದು ಟಿಬೆಟನ್ ಹೋಟೆಲಿನಲ್ಲಿ.

ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವಳು. (ಅವ್ವ ಇದನ್ನು ರೋಗ ಅನ್ನುತ್ತಾಳೆ.) ಅದರ ಪ್ರಕಾರ ಈ ಮೊದಲು ನಾಲ್ಕು ಸಲ ಧಾರವಾಡ ಮಾಳಮಡ್ಡಿಯ ನಮ್ಮ ಮನೆಗೆ ಕನ್ಯಾ ನೋಡಲು ಬಂದಿದ್ದರು. ನಾಲ್ಕೂ ಸಲ ಉಪ್ಪಿಟ್ಟು, ಶಿರಾ. ನಾಲ್ಕೂ ಸಲ ಟ್ರೇ ಹಿಡಿದು ಬಂದವಳು ನಾನು. ನಾಲ್ಕೂ ಸಲ ಅದೇ ಪ್ರಶ್ನೆ: "ಅಡಗಿ ಬರ್ತೈತೇನವಾ?" ಬಾಯಲ್ಲಿದ್ದ ಉಪ್ಪಿಟ್ಟು ಯಾರು ಮಾಡಿದ್ದು ಅಂದುಕೊಂಡಿದ್ದರೋ! (ಅವ್ವ ಮಾಡಿದ್ದು. ಆ ಮಾತು ಬೇರೆ.)

ಐದನೆಯವರಿಗೆ ನಾನೇ ಷರತ್ತು ಹಾಕಿದೆ. "ಅವರು ಹುಬ್ಬಳ್ಳಿ ಬೆಂಗೇರಿಯವರು. ಧಾರವಾಡತನಕ ಯಾಕ ಬರಬೇಕು? ನಾ ರವಿವಾರ ಉಣ್ಣೋ ಕಡೆನ ಬರ್ಲಿ."

ಅಪ್ಪ ಪೇಪರ್ ಕೆಳಗಿಟ್ಟರು. "ಹೋಟೆಲ್‌ನ್ಯಾಗ ಕನ್ಯಾ ತೋರಸೋದಾ?"

ಯಾಕೆ ಬೇಡ? ವಾರಕ್ಕೆ ಆರು ದಿನ ಆಫೀಸು, ಡಬ್ಬಿಯಲ್ಲಿ ರೊಟ್ಟಿ. ಏಳನೆಯ ದಿನ ಒಂದು ಬಟ್ಟಲು ಥುಕ್ಪಾ. ಅದು ನನ್ನದು. ಮದುವೆಯಾದ ಮೇಲೆ ಆ ಬಟ್ಟಲು ಉಳಿಯುತ್ತದೋ ಇಲ್ಲವೋ? ನನಗೆ ತಿಳಿಯಬೇಕಿದ್ದದ್ದು ಇಷ್ಟೇ. ಮನೆಯಲ್ಲಿ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಬಟ್ಟಲು ಎದುರಿಗಿಟ್ಟೇ ಕೇಳಬೇಕು.

ಅದು ಮಹಡಿಯ ಮೇಲಿನ ಪುಟ್ಟ ಹೋಟೆಲು, ಶುದ್ಧ ಸಸ್ಯಾಹಾರಿ. ನಡೆಸುವವರು ಡೋಲ್ಮಾ ಅಕ್ಕ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿದವರು, ಕನ್ನಡ ನಮಗಿಂತ ಖಡಕ್. ಥುಕ್ಪಾ ಅಂದರೆ ತರಕಾರಿ ಹಾಕಿದ ಬಿಸಿ ಸಾರು, ಅದರ ತುಂಬ ಉದ್ದುದ್ದ ನೂಡಲ್ಸ್. ಜೊತೆಗೆ ಕಡುಬಿನಂಥ ಮೋಮೋ, ಕಣ್ಣಲ್ಲಿ ನೀರು ತರಿಸುವ ಕೆಂಪು ಚಟ್ನಿ. ಹೊಟ್ಟೆ ತುಂಬ ತಿಂದರೂ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಆಗುವುದಿಲ್ಲ. (ಗೋಬಿ ಮಂಚೂರಿ ಇಲ್ಲವೇ ಅಂತ ಕೇಳಬೇಡಿ. ಅದು ಟಿಬೆಟಿನದಲ್ಲ, ನಮ್ಮದೇ ದೇಶದ ತಿಂಡಿ.)

ಅಪ್ಪ, ಅವ್ವ, ನಾನು ಮೊದಲೇ ಹೋಗಿ ಕೂತಿದ್ದೆವು. ಮಂದಿ ಬಂದರು. ವರ, ಅವನ ತಾಯಿ, ಹತ್ತಿ ವ್ಯಾಪಾರದ ಕಾಕಾ. ಬಾಗಿಲಲ್ಲೇ ಡೋಲ್ಮಾ ಅಕ್ಕ ಶುರು ಮಾಡಿದರು. "ಬರ್ರಿ, ಕುಂದರ್ರಿ. ಇಕಿ ಯಾವಾಗ್ಲೂ ಒಬ್ಬಾಕಿನ ಬರ್ತಾಳ್ರಿ, ಇವತ್ತ ದಿಬ್ಬಣನ ತಂದಾಳ!"

ಅಪ್ಪನ ಮುಖ ಕೆಂಪು ಚಟ್ನಿಯಾಯಿತು.

"ತತ್ತಿ ಗಿತ್ತಿ ಏನೂ ಇಲ್ಲ ಹೌದಲ್ರಿ?" ವರನ ತಾಯಿ ಕೇಳಿದರು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು.

"ಒಳಗ ಬಂದ ನೋಡ್ರಿ ಅವ್ವಾರ."

ಖರೇನೇ ಹೋದರು! ತಿರುಗಿ ಬಂದು ಘೋಷಿಸಿದರು: "ನಮ್ಮನಿ ಬೋಗಾಣಿಗಿಂತ ಇವರ ಬೋಗಾಣಿ ಸ್ವಚ್ಛ ಅದಾವು."

ಬಟ್ಟಲು ಬಂದವು. ನಿಮಗೊಂದು ಮಾತು ಹೇಳಲೇ? ಉಪ್ಪಿಟ್ಟು ತಿನ್ನುತ್ತ ಗತ್ತು ತೋರಿಸಬಹುದು. ಥುಕ್ಪಾ ತಿನ್ನುತ್ತ ಸಾಧ್ಯವಿಲ್ಲ. ಎಲ್ಲರೂ ಬಗ್ಗಬೇಕು, ಎಲ್ಲರೂ ಸೊರ್ರ್ ಅನ್ನಬೇಕು. ವರನ ಕನ್ನಡಕಕ್ಕೆ ಹಬೆ ಹತ್ತಿತು. ತೆಗೆದಿಟ್ಟ. ನನ್ನನ್ನು ನೋಡಲು ಬಂದವನಿಗೆ ನಾನೇ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಕಾಕಾ ಗದ್ದ ಒರೆಸಿಕೊಂಡು ಕೇಳಿಯೇ ಬಿಟ್ಟರು. "ಅಲ್ಲವಾ, ಲಗ್ನ ಆದಮ್ಯಾಲೂ ಹಿಂಗ ವಾರಾ ವಾರಾ ಹೊರಗ ಉಣ್ಣಾಕಿ ಏನು?"

"ಹೌದ್ರಿ."

ಮೇಜಿನ ಕೆಳಗೆ ಅವ್ವ ನನ್ನ ಕಾಲು ತುಳಿದಳು. ಜೋರಾಗಿಯೇ.

"ಹಂಗಾರ ರವಿವಾರ ಮನ್ಯಾಗ ಒಲಿ ಹಚ್ಚವ್ರು ಯಾರು?"

ವರ ಕನ್ನಡಕ ಹಾಕಿಕೊಂಡು ತಾಯಿಯ ಕಡೆ ನೋಡಿದ. ಅವರು ಬಟ್ಟಲಿನಿಂದ ತಲೆ ಎತ್ತದೆಯೇ ಕಾಕಾಗೆ ಅಂದರು:

"ಇವತ್ತ ಯಾರ ಹಚ್ಯಾರ? ಯಾರರ ಉಪಾಸ ಕುಂತೀರೇನು? ಆರಾಕತ್ತೈತಿ, ಸುಮ್ನ ಉಣ್ರಿ." ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಇನ್ನೊಂದ ಪ್ಲೇಟ್ ಮೋಮೋ ಕೊಡ್ರೀ!"

ಕಾಕಾ ಸುಮ್ಮನೆ ಉಂಡರು. ಎರಡನೆಯ ಪ್ಲೇಟಿನಲ್ಲಿ ಹೆಚ್ಚು ಮೋಮೋ ತಿಂದವರೂ ಅವರೇ.

ಪಕ್ಕಕ್ಕೆ ನೋಡಿದೆ. ನನ್ನ ಅವ್ವ ಕಾಲು ತುಳಿಯುವುದನ್ನು ಬಿಟ್ಟು ಆರಾಮಾಗಿ ಸಾರು ಕುಡಿಯುತ್ತಿದ್ದಳು. ಮೊದಲಿನ ನಾಲ್ಕೂ ಸಲ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಮಂದಿ ಎದ್ದ ಮೇಲೆ ಆರಿದ ಉಪ್ಪಿಟ್ಟು ಅವಳ ಪಾಲು. ಐದು ಕನ್ಯಾ ಪರೀಕ್ಷೆಗಳಲ್ಲಿ ಅವ್ವ ಕೂತು ಬಿಸಿ ಬಿಸಿ ಉಂಡದ್ದು ಇದೊಂದರಲ್ಲೇ. ಡೈರಿಯಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದೆ.

ಮುಂದೆ ನಾಲ್ಕು ದಿನ ಆ ಕಡೆಯಿಂದ ಸುದ್ದಿಯಿಲ್ಲ. "ಬ್ಯಾಡಂದ್ರ ಕೇಳಲಿಲ್ಲ," ಅಂತ ಅಪ್ಪ ಗೊಣಗುತ್ತಲೇ ಇದ್ದರು.

ನಿನ್ನೆ ಫೋನ್ ಬಂತು. ಅಪ್ಪನಿಗಲ್ಲ, ನನಗೆ. ವರನ ತಾಯಿ.

"ನಮ್ಮ ಹುಡುಗ ಹೂಂ ಅಂದಾನವಾ. ನೀ ವಿಚಾರ ಮಾಡಿ ಹೇಳು, ಅವಸರಿಲ್ಲ." ಆಮೇಲೆ ದನಿ ತಗ್ಗಿಸಿದರು. "ಈ ರವಿವಾರ ನೀ ಅಲ್ಲಿಗೆ ಹೋಗಾಕಿ ಹೌದಿಲ್ಲೋ? ಇವರನ್ನೆಲ್ಲಾ ಮನ್ಯಾಗ ಬಿಟ್ಟು ನಾ ಒಬ್ಬಾಕಿನ ಬರ್ತೇನಿ."

ವರನ ವಿಚಾರ ಇನ್ನೂ ನಡೆದಿದೆ. ಅತ್ತೆ ಮಾತ್ರ ಪಾಸ್.