ಹನ್ನೊಂದು ಗಂಟೆಯವರೆಗೆ

ಅಮ್ಮ ಕುಸಿದು ಬಿದ್ದದ್ದು ಮುಂಡಾಜೆಯ ನಮ್ಮ ಮನೆಯ ಹತ್ತಿರದ ಶಾಲಾ ಮೈದಾನದಲ್ಲಿ, ಎಂಟನೆಯ ಸುತ್ತಿನಲ್ಲಿ. ಸಂಜೆ ಏಳಕ್ಕೆ ಊಟ ಮುಗಿಸಿದರೆ ಮರುದಿನ ಹನ್ನೊಂದರವರೆಗೆ ನೀರಲ್ಲದೆ ಬೇರೇನನ್ನೂ ಮುಟ್ಟಬಾರದು, ಆ ಖಾಲಿ ಹೊಟ್ಟೆಯಲ್ಲೇ ಬೆಳಿಗ್ಗೆ ಒಂದು ತಾಸು ಬಯಲಿನಲ್ಲಿ ಬಿರುಸಾಗಿ ನಡೆಯಬೇಕು. ಮೂಡುಬಿದಿರೆಯ ಶಿಬಿರವೊಂದರಲ್ಲಿ ತರಬೇತುದಾರನೊಬ್ಬ ಹೇಳಿಕೊಟ್ಟ ಕ್ರಮ ಇದು. ಅಮ್ಮ ಅದನ್ನು ವ್ರತದಂತೆ ಹಿಡಿದಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದಿನಂತೆ ಎದ್ದ ಕೂಡಲೇ ನುಂಗುತ್ತಿದ್ದಳು.

ಕೂಗು ಕೇಳಿ ನಾನು ಮನೆಯಿಂದ ಓಡಿ ತಲುಪುವಷ್ಟರಲ್ಲಿ ಮೈದಾನದ ಎದುರು ಮನೆಯವರೂ ಬೆಲ್ಲ, ನೀರು ಹಿಡಿದು ಬಂದಿದ್ದರು. ಅಂಗಳಕ್ಕೆ ಬಂದ ಯಾರಿಗಾದರೂ ನಮ್ಮಲ್ಲಿ ಮೊದಲು ಕೊಡುವುದು ಅದನ್ನೇ. ಬೇಡವೆಂದವರನ್ನು ನಾನು ಕಂಡಿರಲಿಲ್ಲ. ಬೆವರಿನಲ್ಲಿ ತೊಯ್ದು, ಕೈ ನಡುಗುತ್ತ ನನ್ನ ತೋಳಿಗೆ ಒರಗಿದ್ದ ಅಮ್ಮ ತುಟಿ ಬಿಗಿದುಕೊಂಡಳು.

"ಗಂಟೆ ಎಷ್ಟಾಯ್ತು?"

"ಏಳೂವರೆ," ಎಂದೆ.

"ಹಾಗಾದ್ರೆ ಬೇಡ."

"ನಿಮ್ಮ ಗಡಿಯಾರ ನಾನು ತಿರುಗಿಸಿ ಇಡ್ತೇನೆ ಅಕ್ಕ, ಈಗ ಬಾಯಿ ತೆರೆಯಿರಿ," ಎಂದು ಗದರಿದ ಆ ಮನೆಯಾಕೆ ಬೆಲ್ಲದ ತುಂಡನ್ನು ಅಮ್ಮನ ಕೆನ್ನೆಯೊಳಗೆ ತುರುಕಿದರು.

ಬೆಳ್ತಂಗಡಿಯ ಡಾಕ್ಟರು ಸಿಟ್ಟಾಗಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದು ಸಕ್ಕರೆ ತೀರಾ ಇಳಿದಿದೆ. ಮಾತ್ರೆ ಬಿಡುವ ಹಾಗಿಲ್ಲ, ಅದರ ಮೇಲೆ ತಿಂಡಿ ಬಿಡುವ ಹಾಗೂ ಇಲ್ಲ. ಇನ್ನೊಮ್ಮೆ ಬಿದ್ರೆ ಏಳ್ಲಿಕ್ಕಿಲ್ಲ ನೀವು."

ಅಂದೇ ತರಬೇತುದಾರನಿಗೆ ಫೋನ್ ಮಾಡಿದೆ. "ನಿಮ್ಮನ್ನು ನಂಬಿ ಹಸಿದು ನಡೆಯುವವರಿಗೆ ಏನು ಕಾಯಿಲೆ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಇದಕ್ಕೆ ಹೊಣೆ ಯಾರು?"

"ಕೇಳಿದ್ದೇವಲ್ಲ ಮೇಡಂ. ಫಾರ್ಮಿನಲ್ಲಿ ಉಂಟು. ಕಾಯಿಲೆ, ಔಷಧಿ, ಎರಡಕ್ಕೂ ಇಲ್ಲ ಅಂತ ಹಾಕಿದ್ದಾರೆ ನಿಮ್ಮ ತಾಯಿ."

ಹಾಕಿದ್ದು ನಾನು. ಅಮ್ಮನಿಗೆ ಮೊಬೈಲಿನಲ್ಲಿ ಬರೆಯುವುದು ಕಷ್ಟವೆಂದು ಅವಳ ಫಾರ್ಮನ್ನು ನಾನೇ ತುಂಬಿಸಿದ್ದೆ. "ಸಕ್ಕರೆ ಉಂಟು ಅಂತ ಬರೆದ್ರೆ ನನ್ನನ್ನು ಸೇರಿಸಿಕೊಳ್ಳಲಿಕ್ಕಿಲ್ಲ ಮಾರಾಯ್ತಿ," ಎಂದು ಅವಳು ಪಕ್ಕದಲ್ಲಿ ಕುಳಿತು ಗೋಗರೆದಿದ್ದಳು. ವಾದಿಸಲು ಬೇಸರವಾಗಿ ಅವಳು ಹೇಳಿದಂತೆಯೇ ಮಾಡಿದ್ದೆ. ಪರದೆಯ ಮೇಲಿನ ಒಂದು ಪದವನ್ನು ನೋಡಿ ಹದಿನಾರು ಗಂಟೆಗಳ ಹಸಿವನ್ನು ವಿಧಿಸುವುದು ವಿಚಾರಣೆಯಲ್ಲ, ಜಾರಿಕೊಳ್ಳುವ ಉಪಾಯ ಎಂಬುದು ಇಂದಿಗೂ ನನ್ನ ಆರೋಪ. ಆದರೆ ಆ ಪದ ನನ್ನದು. ನಾನು ಫೋನ್ ಇಟ್ಟೆ.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಮತ್ತೆ ಬೂಟು ಹಾಕಿಕೊಂಡಳು. ಮಾತ್ರೆ ನುಂಗಿಯಾಗಿತ್ತು, ತಿಂಡಿ ಮೇಜಿನ ಮೇಲೆಯೇ ಇತ್ತು.

"ಡಾಕ್ಟರು ಹೇಳಿದ್ದು ಕೇಳಿಸಲಿಲ್ಲವಾ ಅಮ್ಮ?"

"ಕೇಳಿಸಿತು. ನಿನ್ನ ಅಜ್ಜಿಯೂ ಡಾಕ್ಟರು ಹೇಳಿದ ಹಾಗೆ ತಿಂಡಿ ತಿಂದೇ ಮಾತ್ರೆ ತಗೊಂಡದ್ದು."

ಇದೇ ಕಾಯಿಲೆ ಅಜ್ಜಿಯ ಕಾಲನ್ನು ಮಂಡಿಯ ಕೆಳಗಿನಿಂದ ತೆಗೆಸಿತ್ತು. ಆಸ್ಪತ್ರೆಯಲ್ಲಿ ಆಗ ಜೊತೆಗಿದ್ದವಳು ಅಮ್ಮ. ಹೊಸ ಕ್ರಮ ಹಿಡಿದ ಮೇಲೆ ಮೊದಲ ಬಾರಿಗೆ ಅವಳ ರಕ್ತದಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಆ ಭಯದ ಎದುರಿಗಾಗಲಿ, ಈ ಸಂತೋಷದ ಎದುರಿಗಾಗಲಿ ನಾನು ಓದಿ ತಿಳಿದುಕೊಂಡದ್ದು ಯಾವ ಕೆಲಸಕ್ಕೂ ಬರಲಿಲ್ಲ.

ಈಗ ದಿನವೂ ಅವಳ ಹತ್ತು ಹೆಜ್ಜೆ ಹಿಂದೆ ನಡೆಯುತ್ತೇನೆ, ಮುಷ್ಟಿಯಲ್ಲಿ ಬೆಲ್ಲದ ತುಂಡು ಹಿಡಿದು. "ಬರುವುದಾದ್ರೆ ಬಾ, ಉಪದೇಶ ಬೇಡ," ಎಂದು ಅವಳು ಮೊದಲೇ ಹೇಳಿಟ್ಟಿದ್ದಾಳೆ. ಎಂಟನೆಯ ಸುತ್ತು ಬರುವಾಗ ಅವಳ ಕೈ ನಡುಗುತ್ತಿದೆಯೇ ಎಂದು ಕಣ್ಣಿಟ್ಟು ನೋಡುತ್ತೇನೆ. ಬಿರುಸಾಗಿ ನಡೆಯುವವರ ಕೈ ಹೇಗೂ ಅಲುಗುತ್ತಲೇ ಇರುತ್ತದೆ. ಹಿಂದಿನಿಂದ ಏನೂ ತಿಳಿಯುವುದಿಲ್ಲ.