ಏಳನೇ ಹಾಡಿನಲ್ಲಿ ನಕ್ಕವಳು

ವೆಸ್ಟ್ ಫಿಲಡೆಲ್ಫಿಯಾದ ವಿಲ್ಮಂಟ್ ಬೀದಿಗೆ ಹೊಸದಾಗಿ ಬಂದವರು ಯಾರೇ ಆಗಲಿ, ಕಾಲು ಗಂಟೆಯೊಳಗೆ ವರ್ನೆಟ್ಟಾ ಗ್ಯಾಸ್ಕಿನ್ಸ್‌ಳ ನಗುವಿನ ಕಥೆ ಕೇಳದೆ ಪಾರಾದದ್ದಿಲ್ಲ. ಗ್ಯಾಸ್ ಮೀಟರ್ ನೋಡಲು ಬಂದವನಿಗೆ ಹೇಳಿದ್ದಾಳೆ. ಅವಳು ಓಡಿಸುವ ಸಿಟಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಪಾಪಕ್ಕೆ ಎಷ್ಟೋ ಜನ ಕೇಳಿದ್ದಾರೆ. ಹಲ್ಲಿನ ಡಾಕ್ಟರಿಗಂತೂ ಬಾಯಿ ಅಗಲಿಸಿಕೊಂಡೇ ಹೇಳಿ ಮುಗಿಸಿದಳು.

ಕಥೆ ಇಷ್ಟೇ. ಇಪ್ಪತ್ತಮೂರು ವರ್ಷದ ಹಿಂದೆ ಸೌತ್ ಸ್ಟ್ರೀಟಿನ ಒಂದು ಪುಟ್ಟ ಕ್ಲಬ್ಬಿನಲ್ಲಿ ವಾರಕ್ಕೊಂದು ರಾತ್ರಿ ಇಮಾನಿ ಕ್ರೋವೆಲ್ ಹಾಡುತ್ತಿದ್ದಳು. ಹಳೆಯ ಸೋಲ್ ಸಂಗೀತಕ್ಕೆ ಹೊಸ ಲಯ ಕೊಟ್ಟ ನಿಯೋ ಸೋಲ್ ಹಾಡುಗಳು ಈ ಊರಿನ ಗಾಳಿಯಲ್ಲೇ ತುಂಬಿದ್ದ ಕಾಲ ಅದು. ಒಂದು ದಿನದ ಹಾಡನ್ನೆಲ್ಲ ಅಲ್ಲೇ ರೆಕಾರ್ಡ್ ಮಾಡಿ, ಲೋಟದ ಸದ್ದು, ಕೆಮ್ಮು, ಪಿಸುಮಾತು ಯಾವುದನ್ನೂ ಅಳಿಸದೆ ಆಲ್ಬಂ ಮಾಡಿದರು. ಅದರ ಏಳನೇ ಹಾಡಿನಲ್ಲಿ ವಾದ್ಯಗಳೆಲ್ಲ ಸುಮ್ಮನಾಗಿ ಇಮಾನಿ ಒಂದೇ ಒಂದು ಸ್ವರವನ್ನು ಎಳೆಯುತ್ತ ನಿಲ್ಲುತ್ತಾಳೆ. ಸರಿಯಾಗಿ ಆಗಲೇ ಯಾರೋ ಹೆಂಗಸು ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಗುತ್ತಾಳೆ. ಆ ಹೆಂಗಸು ತಾನೇ ಎಂಬುದು ವರ್ನೆಟ್ಟಾಳ ವಾದ.

ಶನಿವಾರ ಬೆಳಿಗ್ಗೆ ಮನೆ ಗುಡಿಸಿ ಒರೆಸುವಾಗ ಕಿಟಕಿ ತೆರೆದು ಅವಳು ಇದೇ ಆಲ್ಬಂ ಹಾಕುವುದು. ಇಡೀ ಬೀದಿಗೆ ಅದು ಬಾಯಿಪಾಠ. ಡ್ರಮ್ಮು ಎಲ್ಲಿ ಬೇಕೆಂದೇ ಅರೆಗಳಿಗೆ ತಡವಾಗಿ ಬೀಳುತ್ತದೆ, ನಗುವಿನ ಹಿಂದೆಯೇ ಯಾವನೋ ಹೇಗೆ ಮೂರು ಸಲ ಸೀನುತ್ತಾನೆ, ಎಲ್ಲ ಗೊತ್ತು. ಆದರೆ ನಗು ಅವಳದೆಂದು ಮಾತ್ರ ಯಾರೂ ಒಪ್ಪರು.

ಒಪ್ಪದೆ ಇರಲು ಕಾರಣಗಳೂ ಇದ್ದವು. ವರ್ನೆಟ್ಟಾ ಹಾಗೆ ನಕ್ಕದ್ದನ್ನು ಈಗಿನವರು ಯಾರೂ ಕೇಳಿಲ್ಲ. ಅವತ್ತು ಕ್ಲಬ್ಬಿನಲ್ಲಿ ಅವಳ ಪಕ್ಕದಲ್ಲಿ ಕೂತಿದ್ದವಳು ಗೆಳತಿ ಚಾರ್ಲೀನ್, ಅವಳ ಬಸ್ ಡಿಪೋದ ಇನ್ನೊಬ್ಬ ಡ್ರೈವರ್. ಅವಳು ತೀರಿಕೊಂಡು ಹದಿನೈದು ವರ್ಷವಾಯಿತು. ಆಮೇಲೆ ವರ್ನೆಟ್ಟಾ ನಕ್ಕರೂ ಮೂಗಿನಲ್ಲೇ ನಕ್ಕು ಮುಗಿಸುತ್ತಿದ್ದಳು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು.

"ಅಷ್ಟು ಜೋರಾಗಿ ಯಾಕೆ ನಕ್ಕೆ?" ಎಂದು ಕೇಳಿದರೆ, "ಚಾರ್ಲೀನ್ ಕಿವೀಲಿ ಏನೋ ಅಂದ್ಲು" ಎನ್ನುತ್ತಿದ್ದಳು.

"ಏನಂದ್ಲು?"

"ಅದೊಂದೇ ನೆನಪಾಗ್ತಿಲ್ಲ."

ಅಲ್ಲಿಗೆ ಕೇಳಿದವರು ನಗುತ್ತಿದ್ದರು. ಅವಳು ಸಿಡುಕುತ್ತಿದ್ದಳು. ಬೀದಿಯವರ ನಗು ಹಾಳಾಗಿ ಹೋಗಲಿ, ಅವಳನ್ನು ನಿಜವಾಗಿ ಚುಚ್ಚುತ್ತಿದ್ದದ್ದು ಚಾರ್ಲೀನಳ ಮಗಳು ಝಕಿಯಾ. ತಾಯಿ ಹೋದಾಗ ಹನ್ನೊಂದರ ಹುಡುಗಿ, ಈಗ ಪಾರ್ಟಿಗಳಲ್ಲಿ ಹಾಡು ಹಾಕುವ ಡೀಜೆ. ವರ್ಷಕ್ಕೊಂದು ಸಲವಾದರೂ, "ಆಂಟಿ, ಅಮ್ಮ ಏನಂದ್ಲು ಅಂತ ಒಂಚೂರು ನೆನಪು ಮಾಡ್ಕೋ" ಎನ್ನುತ್ತಿದ್ದಳು. ವರ್ನೆಟ್ಟಾ ಆ ಹಾಡನ್ನು ಸಾವಿರ ಸಲ ಕೇಳಿದ್ದಳು. ಕಿವಿಗೆ ಬೀಳುತ್ತಿದ್ದದ್ದು ತನ್ನ ನಗು ಮಾತ್ರ, ಗೆಳತಿಯ ಮಾತಲ್ಲ. ಮರೆತದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಕೋಪ.

ಎದುರು ಮನೆಯ ಡೀಕನ್ ಲೂಷಿಯಸ್ ಪರ್ನೆಲ್‌ಗೆ ಎಪ್ಪತ್ತಾರು. ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ. ಒಂದೇ ಬಣ್ಣದ ಸೂಟು ತೊಟ್ಟ ಐವರು ಗಂಡಸರು ಒಟ್ಟಿಗೆ ಗಿರಕಿ ಹೊಡೆದು ಹಾಡಿದರೆ ಮಾತ್ರ ಅವರ ಪಾಲಿಗೆ ಅದು ಸೋಲ್.

"ಹಾಡು ಅಂದ್ಮೇಲೆ ಎಲ್ಲೋ ಶುರುವಾಗಿ ಎಲ್ಲೋ ಮುಗೀಬೇಕು," ಎನ್ನುತ್ತಿದ್ದರು. "ಈ ಹುಡುಗಿ ಹಾಡ್ತಿದಾಳೋ, ಪರ್ಸಲ್ಲಿ ಬೀಗದ ಕೈ ಹುಡುಕ್ತಿದಾಳೋ?"

ಬೇಸಿಗೆಯಲ್ಲಿ ಒಂದು ದಿನ ಬೀದಿಯ ಎರಡೂ ತುದಿ ಮುಚ್ಚಿ ಎಲ್ಲರೂ ಸೇರಿ ತಿಂದು ಕುಣಿಯುವ ಬ್ಲಾಕ್ ಪಾರ್ಟಿಗೆ ಮುಕ್ಕಾಲು ಪಾಲು ಮನೆಗಳವರ ಸಹಿ ಬೇಕು. ಬೀದಿಯ ಕೆಲಸಕಾರ್ಯ ನೋಡಿಕೊಳ್ಳುವ ಕ್ಯಾಪ್ಟನ್ ಆದ ವರ್ನೆಟ್ಟಾ ಕಾಗದ ಹಿಡಿದು ಮೆಟ್ಟಿಲು ಮೆಟ್ಟಿಲು ಹತ್ತಬೇಕು. ಡೀಕನ್ ಪ್ರತಿ ವರ್ಷ ಕೊನೆಗೇ ಸಹಿ ಹಾಕುವುದು, ಅದೂ ಒಂದೇ ಷರತ್ತಿನ ಮೇಲೆ: ಅವಳ ಹಾಡು ನಾಲ್ಕರಿಂದ ಐದು, ಅಷ್ಟೇ. ನಾಲ್ಕು ಹೊಡೆಯುತ್ತಲೇ, "ನನ್ನ ಕಿವಿ ನಾನೇ ಕಾಪಾಡ್ಕೋಬೇಕು" ಎಂದು ಮಹಡಿ ಹತ್ತಿಬಿಡುತ್ತಿದ್ದರು.

ಈ ವರ್ಷ ಹತ್ತಲಾಗಲಿಲ್ಲ. ಮಂಡಿಯ ಆಪರೇಷನ್ ಆಗಿತ್ತು. ಮನೆಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ, ತಟ್ಟೆಯಲ್ಲಿ ಕರಿದ ಮೀನು ಇಟ್ಟುಕೊಂಡು ಕೂತಿದ್ದರು. ವರ್ನೆಟ್ಟಾಗೆ ಇದಕ್ಕಿಂತ ಒಳ್ಳೆ ದಿನ ಇನ್ನೆಲ್ಲಿ ಸಿಗಬೇಕು? ಆ ಕ್ಲಬ್ಬಿನ ಕಾಲದ ಪದ್ಧತಿಯಂತೆ ತಲೆಗೆ ಹಳದಿ ಬಟ್ಟೆಯನ್ನು ಗೋಪುರದ ಎತ್ತರಕ್ಕೆ ಸುತ್ತಿದಳು. ಆ ಕ್ಲಬ್ಬಿನಲ್ಲಿ ಉರಿಸುತ್ತಿದ್ದ ಊದುಬತ್ತಿಯನ್ನೇ ಹುಡುಕಿ ತಂದು ಪ್ರತಿ ವರ್ಷ ಹಚ್ಚುತ್ತಿದ್ದವಳು, ಈ ಸಲ ಆರು ಕಡ್ಡಿ ಒಟ್ಟಿಗೆ ಹಚ್ಚಿ ಡೀಕನ್ನರ ಮೆಟ್ಟಿಲಿನ ಮೇಲೇ ಸಿಕ್ಕಿಸಿದಳು.

"ಏನಮ್ಮಾ ಇದು, ನನ್ನ ಹೂಳೋಕೆ ತಯಾರಿನಾ?"

"ಸುವಾಸನೆ ಕಣ್ರೀ, ಡೀಕನ್. ಮಂಡಿಗೆ ಒಳ್ಳೇದು."

ಝಕಿಯಾ ಈಗಿನ ಹುಡುಗಿಯರ ನಾಲ್ಕೈದು ಹೊಸ ಹಾಡು ಹಾಕಿದಳು. "ಕೇಳಿ, ಎಲ್ಲಾದ್ರಲ್ಲೂ ಇಮಾನಿ ಥರ ತಡವಾಗಿ ಬೀಳೋ ಡ್ರಮ್ಮೇ. ಇವರ ಅಪ್ಪ ಅಮ್ಮ ಶನಿವಾರ ಮನೆ ಒರೆಸ್ತಾ ಕೇಳಿಸಿದ್ದು!" ಎಂದು ಮೈಕಿನಲ್ಲಿ ಕೂಗಿ, ಏಳನೇ ಹಾಡು ಹಾಕಿದಳು. ವಾದ್ಯಗಳು ನಿಂತವು. ಇಮಾನಿ ಸ್ವರ ಎಳೆದಳು. ಹೆಂಗಸು ಗಹಗಹಿಸಿ ನಕ್ಕಳು. ಹಿಂದೆಯೇ ಸೀನು: ಬಾಗಿಲು ತಟ್ಟಿದಂತೆ ಸಣ್ಣವು ಎರಡು, ಆ ಬಾಗಿಲನ್ನೇ ಮುರಿದು ಹಾಕಿದಂತೆ ಮೂರನೆಯದು.

ಅದು ಮುಗಿಯುವಷ್ಟರಲ್ಲಿ ಮೆಟ್ಟಿಲಿನ ಕಡೆಯಿಂದ ಮತ್ತೆ ಕೇಳಿಸಿತು. ಸಣ್ಣವು ಎರಡು. ದೊಡ್ಡದು ಒಂದು. ಮೀನು ತಟ್ಟೆಯಿಂದ ಹಾರಿತು.

ಝಕಿಯಾ ಹಾಡು ನಿಲ್ಲಿಸಿದಳು. ಹಿಂದಕ್ಕೆ ತಿರುಗಿಸಿ ಸೀನನ್ನಷ್ಟೇ ಹಾಕಿದಳು. ಊದುಬತ್ತಿಯ ಹೊಗೆ ಇನ್ನೂ ಏಳುತ್ತಿತ್ತು. ಡೀಕನ್ ಕರವಸ್ತ್ರದಲ್ಲಿ ಮುಖ ಹೂತು, ತಡೆಯಲಾಗದೆ, ಅದಕ್ಕೆ ಸರಿಯಾಗಿ ಮತ್ತೊಮ್ಮೆ ಸೀನಿದರು. ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಧೂಪ ಹಾಕುವುದಿಲ್ಲ. ಪಾರ್ಟಿಯಲ್ಲಿ ಊದುಬತ್ತಿ ಹಚ್ಚುವ ಹೊತ್ತಿಗೆ ಅವರು ಮಹಡಿ ಮೇಲೆ. ಅದಕ್ಕೇ ಹೊಗೆ ತಾಗಿದರೆ ಬರುವ ಈ ಸೀನನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಮೊದಲು ಬಾಯಿಬಿಟ್ಟವರು ಡೀಕನ್ನರ ಹೆಂಡತಿ. ಆಲೂಗಡ್ಡೆ ಸಲಾಡಿನ ಸೌಟು ಕೈಯಲ್ಲೇ ಇತ್ತು. "ಆ ಆಲ್ಬಂ ರೆಕಾರ್ಡ್ ಆಗಿದ್ದು ಯಾವ ವಾರ, ಝಕಿಯಾ?"

"ಬುಧವಾರ ಅಂತ ಕವರ್ ಮೇಲಿದೆ."

"ಬುಧವಾರ ಬುಧವಾರ ಇವರು ಯಾರೋ ಚರ್ಚಿನ ಬ್ರದರ್‌ಗೆ ಕಾಯಿಲೆ ಅಂತ ನೋಡ್ಕೊಳ್ಳೋಕೆ ಹೋಗ್ತಿದ್ರು. ಎಷ್ಟು ವಾರ ಇತ್ತುರೀ ಆ ಕಾಯಿಲೆ?"

"ಒಂಬತ್ತು," ಎಂದರು ಡೀಕನ್, ಕರವಸ್ತ್ರದೊಳಗಿಂದ.

ಬೀದಿಗೆ ಬೀದಿಯೇ ಹೋ ಎಂದಿತು. ವರ್ನೆಟ್ಟಾ ನಗಲಿಲ್ಲ. ಅವರ ಕುರ್ಚಿಯ ಮುಂದೆ ಹೋಗಿ ನಿಂತಳು. "ನೀವು ಅಲ್ಲಿದ್ರಿ. ಇಷ್ಟು ವರ್ಷ ಇವರೆಲ್ಲ ನನ್ನ ಸುಳ್ಳಿ ಅಂದಾಗ ಸುಮ್ನೆ ಕೂತಿದ್ರಿ."

"ಸುಮ್ನೆ ಕೂತಿದ್ದೆ, ತಪ್ಪು," ಎಂದರು ಡೀಕನ್. ಆಮೇಲೆ ದನಿ ಏರಿತು. "ನೀನು ಮಾಡಿದ್ದೇನು ಕಮ್ಮಿನಾ? ಸರಿಯಾಗಿ ನನ್ನ ಮುಂದಿನ ಸೀಟು ನಿಂದು. ತಲೆ ಮೇಲೆ ಇದೇ ಗೋಪುರ! ಒಂಬತ್ತು ವಾರ ಇಮಾನಿ ಹಾಡು ಕೇಳೋಕೆ ಹೋದೋನು ನಾನು, ರೆಕಾರ್ಡ್ ಮಾಡಿದ ಅವತ್ತೇ ಅವಳ ಮುಖಾನೇ ಕಾಣ್ಲಿಲ್ಲ. ಇಪ್ಪತ್ತಮೂರು ವರ್ಷದಿಂದ ನಿನ್ನ ಮೇಲೆ ಸಿಟ್ಟಿದೆ ನಂಗೆ. ನಕ್ಕೋಳು ನೀನೇ. ಚರ್ಚಲ್ಲಿ ನಿಲ್ಸಿ ಕೇಳಿದ್ರೂ ಹೇಳ್ತೀನಿ."

ವರ್ನೆಟ್ಟಾ ಕಾದಿದ್ದ ಮಾತು ಇದೇ. ಆದರೆ ಅದು ಬಂದ ಮೇಲೆ ಸಾಲದು ಅನ್ನಿಸಿತು. "ಹಿಂದಿನ ಸೀಟಲ್ಲಿದ್ರಲ್ಲ," ಎಂದಳು. "ಚಾರ್ಲೀನ್ ಏನಂದ್ಲು?"

ಝಕಿಯಾ ಯಂತ್ರ ಬಿಟ್ಟು ಬಂದಳು.

ಡೀಕನ್ ಹೆಂಡತಿಯ ಸೌಟನ್ನೊಮ್ಮೆ ನೋಡಿದರು. "ಪಿಸುಮಾತಾ ಅದು? ಆ ಹೆಂಗಸಿಗೆ ಪಿಸುಮಾತು ಬರ್ತಿತ್ತಾ? 'ಇವಳು ಆ ಸ್ವರ ಇನ್ನೊಂಚೂರು ಎಳೆದ್ರೆ ನನ್ನ ಬಿಟ್ಟು ಹೋದ ಗಂಡ ವಾಪಸ್ ಬಂದ್ಬಿಡ್ತಾನೆ ಕಣೇ, ನಿಲ್ಸೋಕೆ ಹೇಳು' ಅಂದ್ಲು."

ಝಕಿಯಾ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಪ್ಪನ ಬಗ್ಗೆ!"

ವರ್ನೆಟ್ಟಾಗೆ ಮೊದಲು ನೆನಪಾದದ್ದು ಮಾತಲ್ಲ, ಕಿವಿಗೆ ತಾಗಿದ ಚಾರ್ಲೀನಳ ಓಲೆಯ ತಣ್ಣನೆ ಅಂಚು. ಆಮೇಲೆ ನಗು ಬಂತು. ಮೂಗಿನದಲ್ಲ. ಹೊಟ್ಟೆಯಿಂದೆದ್ದು, ಹಳದಿ ಗೋಪುರವನ್ನು ಅಲುಗಾಡಿಸಿ, ಬೀದಿಯ ಎರಡೂ ತುದಿಗೆ ಮುಟ್ಟುವಂತೆ ಬಂತು. ಅದು ಯಾವ ನಗು ಎಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ನಗುತ್ತ ನಗುತ್ತ ಅವಳು ಅತ್ತಳು.

"ಇನ್ನೊಂದ್ಸಲ," ಎಂದಳು ಝಕಿಯಾ.

"ಹಾಡಾ?" ಎಂದರು ಡೀಕನ್, ಆಸೆಯಿಂದ.

"ಅಲ್ಲ. ಅಮ್ಮ ಅಂದಿದ್ದು."

ಡೀಕನ್ ಕತ್ತು ಉದ್ದ ಮಾಡಿ, ಚಾರ್ಲೀನಳಂತೆಯೇ ಕೈ ಬೀಸಿ, ಹೆಣ್ಣುದನಿಯಲ್ಲಿ ಮತ್ತೆ ಹೇಳಿದರು. ಆಮೇಲೆ ವರ್ನೆಟ್ಟಾಳ ಕಡೆ ತಿರುಗಿ, "ಹಾಡು ಹಾಕೋ ಮುಂಚೆ ಆ ತಲೆ ಮೇಲಿಂದು ಬಿಚ್ಚಮ್ಮಾ" ಎಂದು ಬೇಡಿಕೊಂಡರು.